ಶಾಣ್ಯಾ ಕೂಸು

ಬ್ಯಾಡಗಿಯವರಿಗೆ ಮೆಣಸಿನಕಾಯಿ ಘಾಟು ತಟ್ಟುವುದೇ ಇಲ್ಲ ಎಂದು ಹೊರಗಿನವರು ತಿಳಿದಿದ್ದಾರೆ. ಶುದ್ಧ ಸುಳ್ಳು. ನಾವೂ ಸೀನುತ್ತೇವೆ, ಆದರೆ ಸೀನುತ್ತಲೇ ಮಾತು ಮುಂದುವರಿಸುತ್ತೇವೆ. ನಮ್ಮಪ್ಪ ಮೆಣಸಿನಕಾಯಿ ದಲಾಲಿ. ಅವರು ಅಂಗಡಿಯಿಂದ ಬಂದು ಅಂಗಿ ಕೊಡವಿದರೆ ಮನೆಗೆ ಮನೆಯೇ ಸೀನುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಚೊಚ್ಚಲ ಬಾಣಂತನಕ್ಕೆ ನಾನು ಆ ತವರಿಗೆ ಬಂದಿದ್ದೆ. ಹಾವೇರಿಯಲ್ಲಿ ಹೆರಿಗೆ ಸಲೀಸಾಗಿ ಆಯಿತು, ಮಗಳನ್ನು ಎತ್ತಿಕೊಂಡು ಮನೆಗೆ ಬಂದೆವು. ನೋಡಲು ಬಂದ ಓಣಿಯ ಹೆಂಗಸರದೆಲ್ಲ ಒಂದೇ ಮಾತು.

“ಭಾಳ ಶಾಣ್ಯಾ ಕೂಸು ಬಿಡ್ರಿ! ಒಂದ್ ಸೊಲ್ಲು ಅಳಂಗಿಲ್ಲ.”

ಶಾಣ್ಯಾ ಎಂದರೆ ಜಾಣ. ಅಳದ, ಹಟ ಮಾಡದ, ತಾಯಿಗೆ ತ್ರಾಸು ಕೊಡದ ಕೂಸಿಗೆ ನಮ್ಮ ಕಡೆ ಸಿಗುವ ಬಿರುದು ಅದು. ಹುಟ್ಟುತ್ತಲೇ ಬಿರುದು ಪಡೆದ ಮಗಳ ಬಗ್ಗೆ ನಾನೂ ಉಬ್ಬಿಹೋಗಿದ್ದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಜಾಣತನ ಅತಿಯಾಯಿತು. ಎದೆಗೆ ಹಚ್ಚಿದರೆ ಬಾಯಿ ತೆರೆಯಲೊಲ್ಲಳು, ಕಣ್ಣು ಬಿಡಲೊಲ್ಲಳು. ಪುಟ್ಟ ಪಕ್ಕೆ ಮಾತ್ರ ಭರಭರ ಏರಿ ಇಳಿಯುತ್ತಿತ್ತು. ನಾನು ಅವ್ವನನ್ನು ಕೂಗಿದೆ.

“ದಿಷ್ಟಿ ಆಗೇತಿ. ಬಂದವ್ರೆಲ್ಲ ಶಾಣ್ಯಾ ಶಾಣ್ಯಾ ಅಂದ್ರ ಮತ್ತೇನಾಗತೈತಿ?” ಎಂದ ಅವ್ವ, ಒಣ ಮೆಣಸಿನಕಾಯಿ ತಂದು ಕೂಸಿಗೆ ನಿವಾಳಿಸಿ, ಬಾಣಂತಿಯ ಮೈ ಕಾಯಿಸಲು ಇಟ್ಟಿದ್ದ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಅದು ಘಾಟನ್ನು ನುಂಗಿಬಿಡುತ್ತದೆ, ಯಾರಿಗೂ ಕೆಮ್ಮು ಬರುವುದಿಲ್ಲ ಎಂಬುದು ಅವ್ವನ ಶಾಸ್ತ್ರ.

ಘಾಟು ಎದ್ದಿತು. ನಾನು ಕೆಮ್ಮಿದೆ, ಅವ್ವ ಕೆಮ್ಮಿದಳು, ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಅಪ್ಪ ಸೀನಿದರು, ಪಕ್ಕದ ಮನೆಯಿಂದ ಯಾರೋ ಬೈದರು. ಮಗಳು ಮೂಗು ಸಹ ಮುರಿಯಲಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೂಸನ್ನೇ ನೋಡಿದಳು.

“ಇದು ದಿಷ್ಟಿ ಅಲ್ಲ ಯವ್ವಾ, ಬ್ಯಾನಿ. ಏಳು, ಲಗೂ ದವಾಖಾನಿಗೆ ನಡಿ.”

ಕಿವಿಗೆ ಬಟ್ಟೆ ಕಟ್ಟದೆ ಬಾಣಂತಿಯನ್ನು ಹೊಸ್ತಿಲು ದಾಟಿಸದ ಹೆಂಗಸು, ಅಂದು ನನ್ನ ಕಿವಿ ಮರೆತಳು. ಅಪ್ಪನ ಅಂಗಡಿಯ ಟಂಟಂ ಗಾಡಿಯಲ್ಲಿ ಹಾವೇರಿ ಮುಟ್ಟುವವರೆಗೂ ನಾನು ಮಗಳ ಉಸಿರನ್ನೇ ನೋಡುತ್ತಿದ್ದೆ. ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ.

“ಎಳಿ ಕೂಸಿನ ಮುಂದ ಮೆಣಸಿನಕಾಯಿ ಸುಡ್ತೀರೇನ್ರಿ?” ಎಂದು ಡಾಕ್ಟರು ಮೊದಲು ಬೈದರು. ಬೈಯುತ್ತಲೇ ಸಲಾಯಿನು, ಆಕ್ಸಿಜನ್ನು, ಇಂಜೆಕ್ಷನ್ನು ಶುರು ಮಾಡಿದರು. ರಕ್ತ ಹುಬ್ಬಳ್ಳಿಗೆ ಹೋಗಿ ಉತ್ತರ ಬಂದ ಮೇಲೆ ನನ್ನನ್ನು ಕೂಡಿಸಿಕೊಂಡು ಹೇಳಿದರು.

“ಇದು ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಅಂತ ಒಂದು ಕ್ರಿಮಿ. ಭಾಳ ಹೆಣ್ಮಕ್ಕಳ ಮೈಯಾಗ ಸುಮ್ಮನ ಇರತೈತಿ, ಅವ್ರಿಗೇನೂ ಗೊತ್ತಾಗಂಗಿಲ್ಲ. ಹೆರಿಗಿ ಹೊತ್ತಿನ್ಯಾಗ ಕೂಸಿಗೆ ಹತ್ತತೈತಿ. ನಿಮ್ಮ ತಪ್ಪೇನೂ ಇಲ್ಲ. ಮುಂದಿನ ಹೆರಿಗಿಗೆ ಮಾತ್ರ ಇದನ್ನ ಮೊದಲ ಹೇಳ್ರಿ, ಬ್ಯಾನಿ ತಿನ್ನೂವಾಗ ಇಂಜೆಕ್ಷನ್ ಕೊಡ್ತಾರ.”

ಅವ್ವನಿಗೆ ಕೇಳಿಸಿದ್ದು “ಬಿ ಗುಂಪು” ಅಷ್ಟೇ. ಅಳಿಯನ ರಕ್ತ ಬಿ ಗುಂಪಿನದೆಂದು ಅವಳಿಗೆ ಗೊತ್ತಿತ್ತು. ರಾಣೆಬೆನ್ನೂರಿನಿಂದ ಓಡೋಡಿ ಬಂದಿದ್ದ ನನ್ನ ಗಂಡನನ್ನು ಅವಳು ನೋಡಿದ ನೋಟವಿದೆಯಲ್ಲ, ಪಾಪ, ಏನೂ ಮಾಡದ ಅವರು ತಲೆ ತಗ್ಗಿಸಿ ನಿಂತರು. ರಕ್ತದ ಗುಂಪೇ ಬೇರೆ, ಕ್ರಿಮಿಯ ಗುಂಪೇ ಬೇರೆ ಎಂದು ಡಾಕ್ಟರು ಬಿಡಿಸಿ ಹೇಳಿದರೂ ಅವ್ವನ ಅನುಮಾನ ಪೂರ್ತಿ ಹೋಗಲಿಲ್ಲ.

ಒಂದು ಬೆಳಿಗ್ಗೆ ನರ್ಸ್ ಸೂಜಿ ಚುಚ್ಚಿದಾಗ ಮಗಳು ಕಿಟಾರನೆ ಚೀರಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅದಕ್ಕಿಂತ ಇಂಪಾದ ದನಿಯನ್ನು ನಾನು ಇವತ್ತಿಗೂ ಕೇಳಿಲ್ಲ. ಆಮೇಲೆ ಅವಳು ಬಾಯಿ ಮುಚ್ಚಿದ್ದೇ ಅಪರೂಪ.

ಕೆಲವು ವರ್ಷಗಳ ನಂತರ ಎರಡನೆಯ ಹೆರಿಗೆ ರಾಣೆಬೆನ್ನೂರಿನಲ್ಲಿ. ಆಸ್ಪತ್ರೆಯ ಬಾಗಿಲಲ್ಲೇ, ಯಾರೂ ಕೇಳುವ ಮೊದಲೇ, ಕ್ರಿಮಿಯ ಕಥೆ ಒದರಿಬಿಟ್ಟೆ. ನೋವು ಶುರುವಾಗುತ್ತಲೇ ಇಂಜೆಕ್ಷನ್ ಕೊಟ್ಟರು. ಮಗ ಹುಟ್ಟಿದ. ಹುಟ್ಟಿದಾಗಿನಿಂದ ಒಂದೇ ಸಮನೆ ಗಂಟಲು ಹರಿಯುವ ಹಾಗೆ ಅತ್ತ. ನೋಡಲು ಬಂದ ಪಕ್ಕದ ಮನೆಯಾಕೆ ಕಿವಿ ಮುಚ್ಚಿಕೊಂಡು, “ಯವ್ವಾ, ಎಷ್ಟ್ ಅಳತಾನಿಂವಾ!” ಎಂದಳು.

ಅವ್ವ ಅವನನ್ನು ಎತ್ತಿ ಎದೆಗೊತ್ತಿಕೊಂಡಳು.

“ಅಳಲಿ ಬಿಡವಾ. ನಮಗ ಶಾಣ್ಯಾ ಕೂಸು ಬ್ಯಾಡ.”