ಹಿಲ್ಸ್‌ಬರೋ ಹೈವೇಯಲ್ಲಿ ನನ್ನ ಬಾಣಂತನ

ಮಧ್ಯಾಹ್ನ ಆಸ್ಟಿನ್ ಬಿಡುವಾಗ ಕಾರಿನಲ್ಲಿ ಎ.ಸಿ. ಹಾಕಿಕೊಂಡಿದ್ದೆ. ಸಂಜೆ ಹಿಲ್ಸ್‌ಬರೋ ಎಂಬ ಊರು ಹತ್ತಿರವಾಗುವಷ್ಟರಲ್ಲಿ ಅದೇ ಕಾರಿನ ಬಾಗಿಲು ಮಂಜುಗಟ್ಟಿ, ಭುಜ ಕೊಟ್ಟು ನೂಕಿದರೂ ಜಪ್ಪೆನ್ನುತ್ತಿರಲಿಲ್ಲ. ನಡುವೆ ಆದದ್ದು ಇಷ್ಟೇ. ಉತ್ತರದ ಕಡೆ ಆಕಾಶ ಕಡುನೀಲಿಯಾಯಿತು, ಗಾಳಿ ಕಾರನ್ನು ಪಕ್ಕಕ್ಕೆ ತಳ್ಳಿತು, ಮುಂದಿನ ಗಾಜಿನ ಮೇಲೆ ಯಾರೋ ಹಿಡಿ ಹಿಡಿ ಸಾಸಿವೆ ಎರಚಿದಂತೆ ಸದ್ದಾಯಿತು. ಇಲ್ಲಿಯವರು ಇದನ್ನು ‘ಬ್ಲೂ ನಾರ್ದರ್’ ಎನ್ನುತ್ತಾರೆ. ಹೇಳದೆ ಕೇಳದೆ ಉತ್ತರದಿಂದ ನುಗ್ಗುವ ಚಳಿಗಾಳಿ. ನಮ್ಮ ಧಾರವಾಡದ ಚಳಿ ಮರ್ಯಾದಸ್ಥ. ದೀಪಾವಳಿಗೆ ಮುಖ ತೋರಿಸಿ, ಸಂಕ್ರಾಂತಿಯ ಎಳ್ಳು ತಿಂದು ಹೊರಡುತ್ತದೆ. ಟೆಕ್ಸಾಸಿನ ಚಳಿಗೆ ಅಂಥ ನಯ ನಾಜೂಕು ಗೊತ್ತಿಲ್ಲ.

ಮುಂದೆ ಒಂದು ಮೇಲ್ಸೇತುವೆ. ಅದರ ಮೇಲೆ ದೊಡ್ಡ ಲಾರಿಯೊಂದು ಜಾರಿ ಅಡ್ಡಡ್ಡ ಮಲಗಿತ್ತು. ಹಿಂದೆ ಕಣ್ಣು ಹಾಯುವವರೆಗೂ ಕಾರುಗಳ ಸಾಲು. ಪೊಲೀಸನೊಬ್ಬ ಬೀಳುತ್ತೇಳುತ್ತ ನಡೆದು ಬಂದು, ಬೆಳಗಿನವರೆಗೆ ರಸ್ತೆ ತೆರೆಯುವುದಿಲ್ಲ, ಎಲ್ಲರೂ ಕಾರಿನಲ್ಲೇ ಇರಿ ಎಂದು ಹೇಳಿ ಹೋದ.

ನಾನು ಹೊರಟಿದ್ದದ್ದು ಡಾಲಸ್ ಪಕ್ಕದ ಮರ್ಫಿಗೆ, ವಿದ್ಯಾಳ ಮನೆಗೆ. ಅವಳಿಗೆ ಎರಡು ದಿನದ ಕೆಳಗೆ ಹೆಣ್ಣುಮಗು ಹುಟ್ಟಿತ್ತು. ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಮೈಸೂರಿನಲ್ಲಿದ್ದ ಅವಳ ತಾಯಿಗೆ ವೀಸಾ ಸಿಗಲಿಲ್ಲ. ಆಕೆ ಫೋನಿನಲ್ಲಿ ಅಳುತ್ತ, “ಮಗು ಹೊಸಿಲು ದಾಟೋವಾಗ ಆರತಿ ಎತ್ತೋಕೆ ಒಬ್ಬ ಹೆಂಗಸೂ ಇಲ್ವಲ್ಲಮ್ಮಾ” ಎಂದಾಗ ನಾನು ಹಿಂದೆ ಮುಂದೆ ನೋಡದೆ ಮಾತು ಕೊಟ್ಟೆ: “ಬಾಗಲದಾಗ ನಾ ಇರ್ತೀನ್ರಿ. ನೀವು ಚಿಂತಿ ಮಾಡಬ್ಯಾಡ್ರಿ.”

ವಿದ್ಯಾ ನನಗೆ ರಕ್ತಸಂಬಂಧಿಯಲ್ಲ. ಆದರೆ ಈ ದೇಶದಲ್ಲಿ ನನಗೆ ಕಾಲು ಕೊಟ್ಟವಳು ಅವಳು. ನಾವು ಮೊದಲು ಇಳಿದದ್ದು ಹ್ಯೂಸ್ಟನ್ನಿಗೆ. ಗಂಡ ಕೆಲಸಕ್ಕೆ ಹೋದರೆ ನಾನು ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದೆ. ಧಾರವಾಡದಲ್ಲಿ ಮಾರ್ಕೆಟ್ಟು, ಮಠ, ತಂಗಿಯ ಮನೆ ಎಂದು ದಿನಕ್ಕೆ ನಾಲ್ಕು ಸಲ ಚಪ್ಪಲಿ ಮೆಟ್ಟುತ್ತಿದ್ದವಳಿಗೆ ಇಲ್ಲಿ ಹಾಲು ತರಬೇಕೆಂದರೂ ಕಾರು ಬೇಕು. ರಸ್ತೆಯಲ್ಲಿ ನಡೆದು ಹೊರಟರೆ ಜನ ನಿಲ್ಲಿಸಿ, “ಕಾರು ಕೆಟ್ಟಿದೆಯೇ?” ಎಂದು ಮರುಗುತ್ತಿದ್ದರು. ಆಗ ಓದುತ್ತಿದ್ದ ವಿದ್ಯಾ ಎದುರು ಮನೆಯಲ್ಲಿದ್ದಳು. ಶನಿವಾರ ಬಂದರೆ ನನ್ನನ್ನು ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ದು ಡ್ರೈವಿಂಗ್ ಕಲಿಸುತ್ತಿದ್ದಳು.

“ಅಕ್ಕಾ, ಸ್ಟೀರಿಂಗ್‌ನ ಹಿಂಗೆ ಅಮುಕಿ ಹಿಡೀಬೇಡಿ. ಅದೇನು ಓಡಿಹೋಗಲ್ಲ” ಎನ್ನುತ್ತಿದ್ದಳು.

“ಅದು ಓಡೂದಿಲ್ಲವ್ವಾ, ನಾನೇ ಓಡಿಹೋಗಬೇಕಂತ ಮಾಡೀನಿ” ಎನ್ನುತ್ತಿದ್ದೆ.

ಎರಡು ಸಲ ಫೇಲಾಗಿ ಮೂರನೆಯ ಸಲ ಲೈಸೆನ್ಸ್ ಪಡೆದಾಗ ನನಗೆ ನಲವತ್ತನಾಲ್ಕು ವರ್ಷ. ಆಮೇಲೆ ನಾವು ಆಸ್ಟಿನ್ನಿಗೆ ಶಿಫ್ಟ್ ಆದೆವು, ವಿದ್ಯಾ ಮದುವೆಯಾಗಿ ಮರ್ಫಿ ಸೇರಿದಳು. ಹೈವೇಯಲ್ಲಿ ಒಬ್ಬಳೇ ಊರಿಂದ ಊರಿಗೆ ಹೊರಟದ್ದು ಇದೇ ಮೊದಲು. ನನ್ನ ಯಜಮಾನರು, ರವಿವಾರ ತಾವೇ ಬಿಟ್ಟುಬರುವುದಾಗಿ ಹೇಳಿದ್ದರು. ಮಗು ಬರುವುದು ಶುಕ್ರವಾರ, ಆರತಿ ರವಿವಾರ ಎತ್ತಲಾದೀತೇ?

ಈಗ ಅವರಿಗೆ ಫೋನ್ ಮಾಡಿ ರಸ್ತೆ ಮುಚ್ಚಿದ್ದನ್ನು ಹೇಳಿದೆ.

“ನಾ ಹೇಳಿದ್ದಿಲ್ಲೇನು?” ಎಂದರು.

“ಹೇಳಿದ್ರಿ. ಈಗ ಬೈದ್ರ ಫೋನಿನ ಬ್ಯಾಟರಿ ಖರ್ಚಾಗ್ತದ. ನಾಳೆ ಬೈರಿ.”

“ಒಬ್ಬಾಕಿ ಹೆಂಗ ಇರ್ತಿ? ಕಂಬಳಿ ಅದನ?”

ಕಂಬಳಿ ಇರಲಿಲ್ಲ. ಎ.ಸಿ. ಹಾಕಿಕೊಂಡು ಹೊರಟವಳ ಹತ್ತಿರ ಕಂಬಳಿ ಎಲ್ಲಿಂದ ಬರಬೇಕು? ಹೀಟರ್ ಹಾಕೋಣವೆಂದರೆ ಟ್ಯಾಂಕಿನಲ್ಲಿ ಇದ್ದದ್ದು ಕಾಲುಭಾಗ ಪೆಟ್ರೋಲು. ಅದು ರಾತ್ರಿಯೇ ಮುಗಿದರೆ ಬೆಳಿಗ್ಗೆ ರಸ್ತೆ ತೆರೆದರೂ ನಾನು ಅಲ್ಲೇ. ಕೊಟ್ಟ ಮಾತು ಹೊಳೆಗೆ ಹಾಕಿದಂತೆ. ಎಂಜಿನ್ ಆರಿಸಿದೆ. ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ ಎನ್ನತೊಡಗಿತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಬೆಳಿಗ್ಗೆ ಯಾರೋ ಗಾಜು ಒರೆಸಿ ನೋಡಿದಾಗ ಕಟ್ಟಿಗೆಯಾಗಿ ಕೂತಿರುತ್ತೇನೇನೋ ಎಂದು ಅಳು ಬಂತು.

ಆಗ ಹಿಂದಿನ ಸೀಟಿನಿಂದ ತುಪ್ಪದ ವಾಸನೆ ಮೂಗಿಗೆ ಬಡಿಯಿತು. ಅಂಟಿನ ಉಂಡೆಯ ಡಬ್ಬಿ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ, ಬಾಣಂತಿಯ ಮೈಗೆ ಕಾವು ಬರಲೆಂದು ನಾನೇ ಕಟ್ಟಿದ್ದು. ಅದರ ಪಕ್ಕ ಒಣಶುಂಠಿಯ ಪುಡಿ, ಕಿವಿಗಿಡುವ ಹತ್ತಿ, ಹೊಟ್ಟೆಗೆ ಸುತ್ತುವ ಹಳೆಯ ಇಳಕಲ್ ಸೀರೆಗಳು, ಉಣ್ಣೆಯ ಕಾಲುಚೀಲ, ತಲೆಗೆ ಕಟ್ಟುವ ಸ್ಕಾರ್ಫು, ಮಗುವಿಗೆಂದು ಹಳೆಯ ಬಟ್ಟೆ ಪದರ ಪದರವಾಗಿ ಹೊಲಿದ ಪುಟ್ಟ ಕೌದಿ. ನೋಡಿ ನಗು ಬಂತು. ನಮ್ಮ ಹಿರಿಯರು ಇಷ್ಟೆಲ್ಲ ಕಂಡುಹಿಡಿದದ್ದು ಒಂದೇ ಉದ್ದೇಶಕ್ಕೆ: ಹೆಂಗಸಿನ ಮೈಗೆ ಥಂಡಿ ತಾಗಬಾರದು. ಇಂಥ ಸಾಮಾನು ಬಗಲಲ್ಲಿಟ್ಟುಕೊಂಡು ಸಾಯಲು ಹೊರಟಿದ್ದೇನಲ್ಲ!

ನನ್ನ ಬಾಣಂತನ ನಾನೇ ಶುರು ಮಾಡಿದೆ. ಕಿವಿಗೆ ಹತ್ತಿ. ಅದರ ಮೇಲೆ ಸ್ಕಾರ್ಫನ್ನು ಗದ್ದದ ಕೆಳಗೆ ಗಂಟು ಹಾಕಿ ಬಿಗಿದೆ. ಎರಡೆರಡು ಜೊತೆ ಕಾಲುಚೀಲ. ಸೀಟು ಹಿಂದಕ್ಕೆ ಸರಿಸಿ, ಕೂತಲ್ಲೇ ಎದ್ದೆದ್ದು, ಒಂದು ಸೀರೆಯನ್ನು ಹೊಟ್ಟೆ ಸೊಂಟಕ್ಕೆ ಸುತ್ತಿದೆ. ಇನ್ನೆರಡು ಸೀರೆ ಹೊದೆದೆ. ಕೌದಿ ಮೊಣಕಾಲಿಗಷ್ಟೇ ಸಾಕಾಯಿತು. ಬಾಯಿಗೆ ಚಿಟಿಕೆ ಶುಂಠಿ, ಆಮೇಲೆ ಒಂದು ಉಂಡೆ. ಗಂಟಲಿಂದ ಹೊಟ್ಟೆಯವರೆಗೆ ಬಿಸಿ ಇಳಿದದ್ದು ಗೊತ್ತಾಯಿತು.

ಅಷ್ಟರಲ್ಲಿ ಯಾರೋ ಕಿಟಕಿ ತಟ್ಟಿದರು. ಪಕ್ಕದ ಸಾಲಿನ ಪಿಕಪ್ ಟ್ರಕ್ಕಿನ ಮುದುಕಿ, ಕಂಕುಳಲ್ಲಿ ಒಂದು ನಾಯಿ. ಹೆಸರು ಡಾರ್ಲೀನ್ ಎಂದು ಆಮೇಲೆ ತಿಳಿಯಿತು. ಗಾಜು ಚೂರೇ ಇಳಿಸಿದೆ. ಟಾರ್ಚಿನ ಬೆಳಕು ಬಿಟ್ಟು ನನ್ನ ವೇಷ ನೋಡಿ, “ಮಗಳೇ, ಹೊಟ್ಟೆಗೇನು ಅದು? ಗಾಯವಾಗಿದೆಯೇ?” ಎಂದಳು.

“ಇಲ್ಲ, ಇಲ್ಲ. ಹೆರಿಗೆಯಾದ ಮೇಲೆ ಹೀಗೆ ಕಟ್ಟುತ್ತಾರೆ” ಎಂದೆ ನನ್ನ ಶಾಲೆಯ ಇಂಗ್ಲಿಷಿನಲ್ಲಿ.

ಆಕೆಯ ಟಾರ್ಚು ಹಿಂದಿನ ಸೀಟಿಗೆ ಹಾರಿತು. ಅಲ್ಲಿ ಮಗುವಿನ ಟೊಪ್ಪಿಗೆ, ಎಣ್ಣೆಯ ಬಾಟಲಿ, ಬಟ್ಟೆಯ ಗಂಟು. “ಓ ದೇವರೇ! ಮಗು ಎಲ್ಲಿ? ಯಾವಾಗ ಹುಟ್ಟಿತು? ಇಲ್ಲೇ ಹುಟ್ಟಿತೇ?” ಎಂದು ಕೂಗುತ್ತ, ಪೊಲೀಸನನ್ನು ಕರೆಯಲು ತಿರುಗಿಯೇಬಿಟ್ಟಳು.

“ಮಗು ನನ್ನದಲ್ಲ! ಡಾಲಸ್‌ನಲ್ಲಿದೆ! ನನ್ನ ವಯಸ್ಸು ನೋಡಿ!” ಎಂದು ನಾನೂ ಕೂಗಿದೆ. ಪೂರ್ತಿ ಕಥೆ ಹೇಳಿ ಮುಗಿಸುವಷ್ಟರಲ್ಲಿ ಆಕೆ ನಕ್ಕೂ ನಕ್ಕೂ ನನ್ನ ಕಾರಿಗೇ ಒರಗಿದ್ದಳು. ಆಮೇಲೆ ಗಂಭೀರವಾಗಿ, “ಹಾಗಾದರೆ ನೀನು ನಾಳೆ ಅಲ್ಲಿಗೆ ಮುಟ್ಟಲೇಬೇಕು” ಎಂದಳು.

ಇಬ್ಬರ ಪೆಟ್ರೋಲೂ ಉಳಿಯುವ ಉಪಾಯ ಆಕೆಯದೇ. ಹೊರಗಿಂದ ಆಕೆ ಎಳೆದು, ಒಳಗಿಂದ ನಾನು ನೂಕಿ, ಮಂಜುಗಟ್ಟಿದ ಬಾಗಿಲು ಬಿಡಿಸಿದೆವು. ಮೊದಲು ನಾನು ಆಕೆಯ ಟ್ರಕ್ಕಿನಲ್ಲಿ, ಆಮೇಲೆ ಆಕೆ ನನ್ನ ಕಾರಿನಲ್ಲಿ. ಆಗಾಗ ಸ್ವಲ್ಪ ಹೊತ್ತು ಹೀಟರ್ ಹಾಕಿ ಆರಿಸುವುದು. ಹೊಗೆ ಒಳಗೆ ತುಂಬದಂತೆ ಕಿಟಕಿಯಲ್ಲಿ ಬೆರಳಿನಷ್ಟು ಸಂದು. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ. ಜನ್ಮದಲ್ಲಿ ನಾಯಿ ಮುಟ್ಟದ ನನ್ನ ಪಾದಗಳ ಮೇಲೆ ಆಕೆಯ ನಾಯಿ ಮಲಗಿ ಗೊರಕೆ ಹೊಡೆಯಿತು. ಮಡಿಹುಡಿಯ ನಮ್ಮತ್ತೆ ನೋಡಿದ್ದರೆ ಕಾರನ್ನೇ ಗೋಮೂತ್ರದಲ್ಲಿ ತೊಳೆಸುತ್ತಿದ್ದರು. ನಾನು ಡಾರ್ಲೀನಳ ಹೊಟ್ಟೆಗೂ ಒಂದು ಸೀರೆ ಸುತ್ತಿದೆ. ಉಂಡೆ ಕೊಟ್ಟೆ. ಒಂದು ತಿಂದು, ಕೇಳಿ ಇನ್ನೊಂದು ತಿಂದಳು.

“ನಿಮ್ಮಲ್ಲಿ ಹೆತ್ತವಳನ್ನು ಎಷ್ಟು ದಿನ ಹೀಗೆ ನೋಡಿಕೊಳ್ಳುತ್ತಾರೆ?” ಎಂದು ಕೇಳಿದಳು.

“ತಿಂಗಳುಗಟ್ಟಲೆ. ಕೈಗೆ ನೀರು ಮುಟ್ಟಿಸುವುದಿಲ್ಲ.”

ಆಕೆ, “ನಾನು ಹೆತ್ತ ಮೂರನೆಯ ದಿನವೇ ಕೆಲಸಕ್ಕೆ ಹೋಗಿದ್ದೆ” ಎಂದಳು. ಹೊಟ್ಟೆಯ ಮೇಲಿನ ಸೀರೆಯನ್ನು ಕೈಯಿಂದ ಸವರುತ್ತಿದ್ದಳು. ಈ ಶ್ರೀಮಂತ ದೇಶದ ಹೆಂಗಸಿಗೆ ಕೊಡಲು ನನ್ನ ಬಳಿ ಏನೋ ಇದೆ ಎಂದು ನನಗೆ ಮೊದಲ ಸಲ ಅನಿಸಿದ್ದು ಆಗ. ಅಲ್ಲಿಯವರೆಗೆ ಕೈಚಾಚಿ ಕಲಿಯುವುದೇ ನನ್ನ ಕೆಲಸವಾಗಿತ್ತು.

ಬೆಳಕು ಹರಿದ ಮೇಲೆ ಮರಳು ಚೆಲ್ಲುವ ಗಾಡಿಗಳು ಬಂದವು, ಲಾರಿ ಸರಿಯಿತು. ಡಾರ್ಲೀನ್ ಹೊಟ್ಟೆಯ ಸೀರೆ ಬಿಚ್ಚಿ ಮಡಿಸಿ ಕೊಡಲು ಬಂದಳು. “ಇಟ್ಟುಕೊಳ್ಳಿ” ಎಂದೆ. “ಯಾಲ್ ಬಿ ಸೇಫ್” ಎಂದು ಕೈ ಬೀಸಿದಳು. ‘ಯಾಲ್’ ಅಂದರೆ ‘ನೀವೆಲ್ಲ’. ಕಾರಿನಲ್ಲಿದ್ದದ್ದು ನಾನೊಬ್ಬಳೇ. ಬಹುಶಃ ವಿದ್ಯಾ, ಮಗು ಎಲ್ಲರನ್ನೂ ಸೇರಿಸಿ ಹೇಳಿದ್ದಿರಬೇಕು.

ಎತ್ತಿನ ಗಾಡಿಯ ವೇಗದಲ್ಲಿ, ಸ್ಟೀರಿಂಗನ್ನು ಅಮುಕದೆ ಹಿಡಿದು, ಮರ್ಫಿ ತಲುಪಿದೆ. ದಾರಿಯಲ್ಲಿ ಹಳ್ಳಕ್ಕೆ ಇಳಿದ ದೊಡ್ಡ ದೊಡ್ಡ ಗಾಡಿಗಳನ್ನು ನೋಡುತ್ತ ಬಂದೆ. ನನ್ನ ಪುಟ್ಟ ಕಾರು ಒಮ್ಮೆಯೂ ಜಾರಲಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಇದ್ದಿದ್ದರೆ ನಿಲ್ಲಿಸಿ ಹೇಳುತ್ತಿದ್ದೆ.

ವಿದ್ಯಾಳ ಗಂಡ ಹೇಳಿಕೊಟ್ಟಿದ್ದ ನಂಬರು ಒತ್ತಿ ಗ್ಯಾರೇಜಿನಿಂದ ಒಳಗೆ ಹೋದೆ. ತಟ್ಟೆಗೆ ನೀರು, ಅರಿಶಿನ, ಸುಣ್ಣ ಹಾಕಿ ಕಲಸುವಷ್ಟರಲ್ಲಿ ಹೊರಗೆ ಕಾರಿನ ಸದ್ದು. ಓಡಿಹೋಗಿ ಮುಂಬಾಗಿಲು ತೆರೆದೆ. ಗಂಡನ ತೋಳು ಹಿಡಿದು, ಮಗುವನ್ನೆತ್ತಿಕೊಂಡು ಬಂದ ವಿದ್ಯಾ ಮೆಟ್ಟಿಲ ಬಳಿ ನಿಂತುಬಿಟ್ಟಳು. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ಸ್ಕಾರ್ಫು, ಹೊಟ್ಟೆಗೆ ಸೀರೆ.

“ಅಕ್ಕಾ, ಹೆತ್ತಿದ್ದು ನಾನಾ, ನೀವಾ?”

ನಗುತ್ತಲೇ ಅತ್ತಳು. ನಾನು ತಟ್ಟೆ ಹಿಡಿದು ಆರತಿ ಎತ್ತಿದೆ. ಆ ರಾತ್ರಿ ಮೈಸೂರಿಗೆ ಫೋನು ಹಚ್ಚಿ, “ಬಾಗಲದಾಗ ಇದ್ದೆ ನೋಡ್ರಿ” ಎಂದೆ. ನನ್ನ ದನಿ ಬೀದಿಗೆಲ್ಲ ಕೇಳಿಸಿರಬೇಕು.

ಆದರೆ ಅದೇ ತಿಂಗಳಲ್ಲಿ ಧಾರವಾಡದಲ್ಲಿ ನನ್ನ ಸ್ವಂತ ತಂಗಿಯ ಮಗಳೂ ಹೆತ್ತಳು. ನನಗೆ ಹೋಗಲಾಗಲಿಲ್ಲ. ಮುಂದಿನ ವರ್ಷ ಹೋದಾಗ ನನ್ನ ಹೈವೇ ಸಾಹಸವನ್ನು ಕೊಚ್ಚಿಕೊಂಡೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ತಂಗಿ ಒಬ್ಬಳು ಮಾತ್ರ ಕೇಳಲಿಲ್ಲ. ಅಡಿಗೆಮನೆಯಲ್ಲಿ ನಾನೊಬ್ಬಳೇ ಸಿಕ್ಕಾಗ ಅಂದಳು: “ನಮ್ಮ ಮನಿ ಹುಡುಗಿ ಹಡದಾಗ ನಾ ಒಬ್ಬಾಕಿನ ಒದ್ದಾಡಿದೆ. ನೀ ಅಲ್ಲೆ ಮೈಸೂರಿನವರ ಮಗಳ ಸಲುವಾಗಿ ಥಂಡ್ಯಾಗ ಸಾಯಲಿಕ್ಕೆ ಹೋಗಿದ್ದಿ.”

ಮರ್ಫಿಯ ಬಾಗಿಲಲ್ಲಿ ನಾನಿದ್ದೆ ಎಂಬ ಹೆಮ್ಮೆ ಚೂರೂ ಕಡಿಮೆಯಾಗಿಲ್ಲ. ಧಾರವಾಡದ ಬಾಗಿಲಲ್ಲಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಹೊರಡುವ ದಿನ ತಂಗಿ ಮುಖ ಊದಿಸಿಕೊಂಡೇ ಒಂದು ಡಬ್ಬಿ ತಂದು ನನ್ನ ಚೀಲದೊಳಗೆ ತುರುಕಿದಳು. ಮುಚ್ಚಳ ತೆಗೆದೆ. ಅಂಟಿನ ಉಂಡೆ.

“ಯಾರ ಹಡದಾರ ಈಗ?” ಎಂದೆ.

“ಯಾರೂ ಹಡದಿಲ್ಲ. ಯಾವ ಬಾಣಂತಿಗೂ ಕೊಡಬ್ಯಾಡ. ನಿನ್ನ ಕಾರಿನ್ಯಾಗ ಇಟ್ಕೊ” ಎಂದಳು. “ಅಲ್ಲೆ ನಿನಗ ಬಾಣಂತನ ಮಾಡವರು ಯಾರದಾರ?”