ಮೂರನೇ ಪಿನ್ನು ಕಾಯುವ ತಹಮೀನಾ

ಬೆಳಗಿನ ಆರೂಕಾಲು. ಬೀದರದ ಅಂಚಿನ ನೌಬಾದಿನಲ್ಲಿ ಒಂದು ಗ್ಯಾರೇಜಿನ ಹಿಂದೆ ತಹಮೀನಾ ಕೊಡದಿಂದ ಉಪ್ಪುನೀರು ಸುರಿಯುತ್ತಿದ್ದಾರೆ. ಸುರಿಯುವುದು ಗಿಡಕ್ಕಲ್ಲ, ನೆಲದ ಒಂದು ಗುಂಡಿಗೆ. ಗುಂಡಿಯ ತುಂಬ ಇದ್ದಿಲು, ನಡುವೆ ಒಂದು ಕಬ್ಬಿಣದ ಪೈಪು. ಇದು ಅರ್ಥಿಂಗ್ ಗುಂಡಿ. ವೈರಿನಲ್ಲಿ ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಗೆ ಬರದೆ ನೆಲ ಸೇರುವ ಜಾಗ. ಇಲ್ಲಿಯ ಕೆಂಪು ನೆಲ ಬೇಗ ಒಣಗುತ್ತದೆ, ಒಣಗಿದ ನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ದಿನಾ ಒಂದು ಕೊಡ, ಏಳು ವರ್ಷದಿಂದ.

ಅರ್ಧ ಕೊಡ ಇನ್ನೂ ಉಳಿದಿರುವಾಗ ಫೋನು ಬರುತ್ತದೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಿಂದ ಮೈಕ್ ಸೆಟ್ಟಿನ ಅಮರನಾಥ. ಕೈ ಒದ್ದೆಯಾದ್ದರಿಂದ ಸ್ಪೀಕರ್ ಹಚ್ಚಿ ಕಟ್ಟೆಯ ಮೇಲಿಡುತ್ತಾರೆ.

"ಆಪಾ, ಮದುವಿ ಮನ್ಯಾಗ ಇದ್ದೇನಿ. ಆಂಪ್ಲಿಫೈಯರ್ ಡಬ್ಬಿ ಹಚ್ಚಿದ ಕೂಡ್ಲೆ ಗುಂಯ್ ಅನ್ಲಿಕತ್ತದ. ಪ್ಲಗ್ಗಿನ ಮೂರನೇ ಪಿನ್ನು ಮುರದ ಹಾಕ್ಲೇನು? ಗುಂಯ್ ಹೋಗ್ತದ."

"ಗುಂಯ್ ಅನ್ಲಿ ಬಿಡು. ಮದುಮಗ ಏನು ನಿನ್ನ ಮೈಕ್ ನೋಡಿ ಮದುವಿ ಆಗ್ಲಿಕತ್ತಾನೇನು? ಪಿನ್ನಿಗೆ ಕೈ ಹಚ್ಚಬ್ಯಾಡ. ಎಂಟೂವರಿ ಬಸ್ಸಿಗೆ ಬರ್ತೇನಿ."

"ಅರ್ಥಿಂಗ್ ಆಪಾ ಬರೋತನಕ ನಾ ಮೈಕ್ ಹಚ್ಚಂಗಿಲ್ಲ, ಆಯ್ತಿಲ್ಲ?" ಅಮರನಾಥ ನಗುತ್ತಾನೆ. ತಹಮೀನಾ ನಗುವುದಿಲ್ಲ. ಉಳಿದರ್ಧ ಕೊಡ ಸುರಿಯುತ್ತಾರೆ.

ಬಾಗಿಲಲ್ಲಿ ಒಂಬತ್ತು ವರ್ಷದ ಆಬೇದಾ ಬಾಚಣಿಕೆ ಹಿಡಿದು ನಿಂತಿದ್ದಾಳೆ. ತಹಮೀನಾ ಅವರ ತಮ್ಮನ ಮಗಳು. ತಂದೆಯಿಲ್ಲ. ತಾಯಿಗೆ ಮರುಮದುವೆಯಾಗಿದೆ, ರಜೆಯಲ್ಲಿ ಆಬೇದಾ ಅಲ್ಲಿಗೆ ಹೋಗಿ ಒಂದು ವಾರ ಇದ್ದು ಬರುತ್ತಾಳೆ. ಉಳಿದ ದಿನವೆಲ್ಲ ಈ ಫುಪ್ಪುವೇ ಅವಳಿಗೆ ತಾಯಿ. ಮನೆಯಲ್ಲಿ ದಖನಿ ಮಾತು, ಸಾಲಿಯಲ್ಲಿ ಕನ್ನಡ. ಹೊರಗಿನವರು ಬಂದಾಗ ಅವರ ಮಾತಿನಲ್ಲೇ ಮಾತಾಡಬೇಕೆಂದು ಅಜ್ಜ ಹಾಕಿದ ನಿಯಮ.

"ಫುಪ್ಪು," ಎನ್ನುತ್ತಾಳೆ. ಆಮೇಲೆ ಬಾಚಣಿಕೆಯ ಹಲ್ಲುಗಳ ಮೇಲೆ ಬೆರಳಾಡಿಸುತ್ತಾಳೆ.

"ಏನು?"

"ಏನಿಲ್ಲ. ಜಡಿ."

ಜಡೆ ಹೆಣೆಯುತ್ತಲೇ ತಹಮೀನಾ, ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ, "ಹದಿನೈದು ದಿನ ಆತ್ರಿ, ಹಿಂಗ ಮಾಡ್ಲಿಕತ್ತಾಳ. ಹೊಟ್ಟ್ಯಾಗ ಏನೋ ಇಟ್ಕೊಂಡಾಳ. ಆಕಿ ಕೇಳಂಗಿಲ್ಲ, ನಾ ಕೇಳು ಅನ್ನಂಗಿಲ್ಲ." ಮಗು ತಲೆ ಅಲುಗಿಸದೆ ಗೋಡೆ ನೋಡುತ್ತದೆ.

ಗೋಡೆಯ ಮೇಲೆ ಇನ್ನೂ ಮೊಳೆಗಳಿವೆ. ಒಂಬತ್ತು ವರ್ಷದ ಹಿಂದೆ ಒಂದು ಶುಕ್ರವಾರ, ಗ್ಯಾರೇಜಿಗೆ ರಜೆಯಿದ್ದ ದಿನ, ಸದ್ದು ಮಾರ್ದನಿಸದಂತೆ ಆ ಮೊಳೆಗಳಿಗೆ ಮನೆಯ ಕೌದಿಗಳನ್ನೆಲ್ಲ ತೂಗುಹಾಕಿ ಇಲ್ಲಿ ಏಳು ಹಾಡು ರೆಕಾರ್ಡ್ ಮಾಡಿದ್ದರು. ತಹಮೀನಾ ಅವರ ತಮ್ಮ, ಅಂದರೆ ಆಬೇದಾಳ ತಂದೆ, ಮುಜಮ್ಮಿಲನ ಹೆಗಲಲ್ಲಿ ಹೈದರಾಬಾದಿನಿಂದ ತಂದ ಹಳೆಯ ಗಿಟಾರು. ಗೆಳೆಯ ಸ್ವಪ್ನಿಲನ ಮುಂದೆ ಒಂದು ಡ್ರಮ್ಮು, ಒಂದು ಎಣ್ಣೆ ಪೀಪಾಯಿ, ಗಂಟೆಯ ಬದಲು ಲಾರಿಯ ಬ್ರೇಕ್ ಡ್ರಮ್ಮು. ಬ್ಯಾಂಡಿನಲ್ಲಿ ಅಷ್ಟೇ ಜನ. ಹೆಸರು "ಚೌದಾ ಕಾ ಪಾನಾ", ಅಂದರೆ ಹದಿನಾಲ್ಕು ನಂಬರಿನ ಪಾನಾ, ನಟ್ಟು ಬಿಚ್ಚುವ ಸ್ಪ್ಯಾನರ್. ಗ್ಯಾರೇಜಿನಲ್ಲಿ ಯಾವಾಗಲೂ ಕಳೆದುಹೋಗುತ್ತಿದ್ದುದು ಅದೊಂದೇ. ಪಂಕ್ಚರಿನ ಮೇಲೆ, ಬಸ್ ಸ್ಟ್ಯಾಂಡಿನ ಆಟೊ ಜಗಳದ ಮೇಲೆ, ಹೆಂಡತಿ ಹಾಕುವ ಖಾರದ ಮೇಲೆ ಹಾಡುಗಳು. ಅರ್ಧ ದಖನಿ, ಅರ್ಧ ಕನ್ನಡ, ಎಲ್ಲವೂ ಜೋರು.

ಆ ಸದ್ದನ್ನು ಹಿಡಿದಿಟ್ಟವರು ತಹಮೀನಾ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು. ಗಿಟಾರಿನ ಆಂಪ್ಲಿಫೈಯರನ್ನು ಹಳೆಯ ಮೈಕ್ ಸೆಟ್ಟಿನ ಬಿಡಿಭಾಗದಿಂದ ಕಟ್ಟಿಕೊಟ್ಟವರೂ ಅವರೇ. ಗ್ಯಾರೇಜ್ ರೆಕಾರ್ಡಿನ ಇನ್ನೂರು ಸಿಡಿಗಳನ್ನು ಮನೆಯ ಕಂಪ್ಯೂಟರಿನಲ್ಲಿ ಒಂದೊಂದಾಗಿ ಕಾಪಿ ಮಾಡಿ, ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದರು. ಸಿಡಿಯ ಹೊದಿಕೆಯ ಮೇಲೆ ಎಲ್ಲಿಯೂ ಅವರ ಹೆಸರಿಲ್ಲ. "ಹೆಸರು ಯಾಕ್ರಿ? ಪಾನಾದ ಮ್ಯಾಲ ಅದನ್ನ ಮಾಡಿದ ಲುಹಾರನ ಹೆಸರು ಇರ್ತದೇನು?" ಎನ್ನುತ್ತಾರೆ.

ಎರಡನೆಯ ರೆಕಾರ್ಡು ಭಾಲ್ಕಿಯ ಲೈವ್. ಒಂದು ಡಿಸೆಂಬರ್ ಸಂಜೆ, ಶಾಮಿಯಾನದ ಕೆಳಗೆ, ಮುನ್ನೂರು ಕುರ್ಚಿಗಳ ಮುಂದೆ. ಹಾಡುಗಳು ಚೆನ್ನಾಗಿ ಬಂದವು. ಆದರೆ ರೆಕಾರ್ಡಿಂಗಿನ ತುಂಬ, ಮೊದಲಿನಿಂದ ಕೊನೆಯವರೆಗೆ, ಹಿಂದೆ ಒಂದೇ ಸಮ ಗುಂಯ್ ಎನ್ನುವ ಸದ್ದು. ಗಿಟಾರಿನ ಡಬ್ಬಿಗೊಂದು, ಮೈಕಿನ ಮಿಕ್ಸರಿಗೊಂದು ಹೀಗೆ ಎರಡು ಕಡೆ ಅರ್ಥ್ ಸಿಕ್ಕಾಗ ಅವು ತಮ್ಮೊಳಗೇ ಸುತ್ತಿ ಹುಟ್ಟಿಸುವ ಸದ್ದು ಅದು. ಅಪಾಯವಿಲ್ಲ, ಕೇಳಲು ಬೇಸರ ಅಷ್ಟೆ. ಮುಜಮ್ಮಿಲ ಕೇಳಿ ಅಕ್ಕನನ್ನು ಕೆಣಕಿದ: "ಆಪಾ, ಇದರಾಗ ನನಕಿಂತ ಜೇನುಹುಳ ಛಲೋ ಬಾರಿಸ್ಯಾವ. ಹೊದಿಕಿ ಮ್ಯಾಲ ಅವುರ ಹೆಸರು ಹಾಕು." ಆ ಚುಚ್ಚು ಮಾತು ಅವರಿಗೆ ನಾಟಿತು.

ಎರಡು ತಿಂಗಳ ನಂತರ ಔರಾದ್, ಮೂರನೆಯ ರೆಕಾರ್ಡು. ಹಗಲು ಬೆಳಕಿರುವಾಗಲೇ ಶುರುವಾದ ಕಾರ್ಯಕ್ರಮ. ವೈರು ಜೋಡಿಸುವಾಗ ಮತ್ತೆ ಅದೇ ಗುಂಯ್. ಮೈಕ್ ಸೆಟ್ಟಿನವರು ಎಲ್ಲೆಡೆ ಮಾಡುವುದನ್ನೇ ತಹಮೀನಾ ಅಂದು ಮಾಡಿದರು. ಕಟಿಂಗ್ ಪ್ಲೇಯರಿನಿಂದ ಗಿಟಾರಿನ ಡಬ್ಬಿಯ ಪ್ಲಗ್ಗಿನಲ್ಲಿದ್ದ ದಪ್ಪನೆಯ ಮೂರನೇ ಪಿನ್ನನ್ನು ಮುರಿದು ಹಾಕಿದರು. ಗುಂಯ್ ನಿಂತಿತು. ಜೊತೆಗೇ ಆ ಡಬ್ಬಿಗೂ ನೆಲಕ್ಕೂ ಇದ್ದ ಸಂಬಂಧ ಹರಿಯಿತು.

ಜೀಪಿನ ಕುಲುಕಾಟಕ್ಕೆ ಡಬ್ಬಿಯೊಳಗಿನ ಒಂದು ವೈರಿನ ಮೇಲುಸಿಪ್ಪೆ ಸವೆದಿತ್ತು. ಅದು ಯಾರಿಗೂ ತಿಳಿದಿರಲಿಲ್ಲ. ನಾಲ್ಕು ಹಾಡುಗಳ ಹೊತ್ತಿಗೆ ಆ ವೈರು ಕಬ್ಬಿಣದ ಮೈಗೆ ತಾಗಿತು. ಕರೆಂಟು ಗಿಟಾರಿನ ತಂತಿಗೆ ಬಂತು. ಐದನೇ ಹಾಡಿಗೆ ತಂತಿಯ ಮೇಲೆ ಬೆರಳಿಟ್ಟ ಮುಜಮ್ಮಿಲನ ತುಟಿ ಅರ್ಥ್ ಇದ್ದ ಮೈಕಿಗೆ ತಾಗಿತು. ಆತನಿಗೆ ಇಪ್ಪತ್ತಾರು. ಆಬೇದಾ ಆಗಷ್ಟೇ ಗೋಡೆ ಹಿಡಿಯದೆ ನಡೆಯಲು ಕಲಿತಿದ್ದಳು.

"ಪುಸ್ತಕದಾಗ ಓದಿದ್ದೆರಿ ನಾ," ತಹಮೀನಾ ಹೇಳುತ್ತಾರೆ. "ಪರೀಕ್ಷಾದಾಗ ಬರದಿದ್ದೆ. ಅರ್ಥ್ ಯಾಕ ಬೇಕು, ಐದು ಮಾರ್ಕಿನ ಪ್ರಶ್ನಿ. ಐದಕ್ಕ ಐದು ಬಂದಿದ್ವು."

ಪೊಲೀಸರ ಕಾಗದದಲ್ಲಿ ಆಕಸ್ಮಿಕ ಸಾವು ಎಂದು ಬರೆಯಲಾಯಿತು. "ಯಾರೂ ನನ್ನ ಕೇಳಲಿಲ್ರಿ. ಒಬ್ಬರರೆ ಕೇಳಿ, ಒಂದು ಏಟು ಹೊಡದಿದ್ರ ಹಗುರ ಆಗ್ತಿತ್ತು." ಪಿನ್ನು ಮುರಿದದ್ದು ಯಾರೆಂದು ಸ್ವಪ್ನಿಲನಿಗೆ ಗೊತ್ತು. ಅವನು ಮತ್ತೆ ಡ್ರಮ್ಮಿನ ಮುಂದೆ ಕೂರಲಿಲ್ಲ. ತಂದೆ ಮಕ್ಬೂಲ ಮಿಸ್ತ್ರಿಗೂ ಗೊತ್ತು. ಔರಾದಿನಿಂದ ಮರಳಿ ಬಂದ ಸಾಮಾನಿನಲ್ಲಿ ಆ ಪ್ಲಗ್ಗು ನೋಡಿದ್ದರು. ನಲವತ್ತನೇ ದಿನದ ಫಾತೆಹಾ ಮುಗಿದ ಮರುದಿನ ಗುದ್ದಲಿ ತೆಗೆದುಕೊಂಡು ಗ್ಯಾರೇಜಿನ ಹಿಂದೆ ಈ ಗುಂಡಿ ತೋಡಿದರು, ಎಂಟು ಫೂಟು ಆಳ, ಒಬ್ಬರೇ. ಈಗಲೂ ಮುಂದಿನ ಅರ್ಧದಲ್ಲಿ ಅವರು ಬೈಕ್ ರಿಪೇರಿ ಮಾಡುತ್ತಾರೆ, ಹಿಂದಿನ ಅರ್ಧದಲ್ಲಿ ಮಗಳು ತಹಮೀನಾ ಮೈಕ್ ಸೆಟ್ ರಿಪೇರಿ ಮಾಡುತ್ತಾರೆ.

ದಿನಕ್ಕೆ ಮೂರು ಆಂಪ್ಲಿಫೈಯರ್ ಬರುತ್ತವೆ, ಮದುವೆಯ ದಿನಗಳಲ್ಲಿ ಎಂಟು. ಏನೇ ಕೆಟ್ಟಿರಲಿ, ಅವರು ಮೊದಲು ನೋಡುವುದು ಪ್ಲಗ್ಗನ್ನು. ಹತ್ತು ಬಂದರೆ ಏಳರಲ್ಲಿ ಮೂರನೇ ಪಿನ್ನು ಇರುವುದಿಲ್ಲ. ಹೊಸ ಪ್ಲಗ್ಗು ಹಾಕದೆ ಡಬ್ಬಿ ಹೊರಗೆ ಹೋಗುವುದಿಲ್ಲ. ಗುಂಯ್ ತೆಗೆಯಲು ಬೇರೆ ದಾರಿಯಿದೆ, ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡುವುದು. ಅದನ್ನು ಹೇಳಿಕೊಡಲು ವಾರಕ್ಕೆ ನಾಲ್ಕು ದಿನ ಭಾಲ್ಕಿ, ಔರಾದ್ ಬಸ್ಸು. ಚೀಲದಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಒಂದು ನೂರು ವ್ಯಾಟಿನ ಬಲ್ಬು. ಶಾಮಿಯಾನದವರ ಬೋರ್ಡಿನಲ್ಲಿ ಅದರ ಒಂದು ವೈರನ್ನು ಕರೆಂಟಿಗೆ, ಇನ್ನೊಂದನ್ನು ಅರ್ಥಿಗೆ ಹಿಡಿದು ನೋಡುತ್ತಾರೆ. ಪೂರ್ತಿ ಬೆಳಗಿದರೆ ಸರಿ. ಮಂದವಾದರೆ ಗುಂಡಿಗೆ ನೀರು ಹಾಕಿಸುತ್ತಾರೆ. "ಹೆಂಗಸು ಬಂದು ಕರೆಂಟ್ ಕಲಿಸ್ತಾಳ," ಎಂದು ಹಿಂದೆ ಆಡಿಕೊಂಡವರೂ ಈಗ ಫೋನು ಮಾಡುತ್ತಾರೆ.

ಔರಾದ್ ರೆಕಾರ್ಡು ಮಾತ್ರ ಹೊರಬಂದಿಲ್ಲ. ಹಳೆಯ ಎರಡನ್ನೂ ಮೊಬೈಲಿನಲ್ಲಿ ಕೇಳಿದ ದೂರದೂರದ ಹುಡುಗರು ಮೂರನೆಯದನ್ನೂ ಕೊಡಿ ಎಂದು ಬರೆಯುತ್ತಾರೆ. ಅವರಿಗಾಗಿ ಅಲ್ಲ, ಆಬೇದಾಳಿಗಾಗಿ ಈ ತಿಂಗಳು ಅದನ್ನು ಕೈಗೆತ್ತಿಕೊಂಡಿದ್ದಾರೆ. ಔರಾದಿನಲ್ಲಿ ಎರಡನೇ ಹಾಡಿನ ನಂತರ ಮುಜಮ್ಮಿಲ ಮೈಕಿನಲ್ಲಿ ಮಗಳ ಹೆಸರು ಹೇಳುತ್ತಾನೆ. ಬೇರೆ ಯಾವ ರೆಕಾರ್ಡಿನಲ್ಲೂ ಅದಿಲ್ಲ. "ನಾಲ್ಕು ಹಾಡು ಇಡ್ತೇನಿ. ಐದನೇದು, ಆಮ್ಯಾಲಿನ ಹನ್ನೊಂದು ನಿಮಿಷ, ಕತ್ತರಿಸೇನಿ. ರೆಕಾರ್ಡರ್ ಬಂದ್ ಮಾಡೋದು ಯಾರಿಗೂ ನೆಪ್ಪ ಆಗಿದ್ದಿಲ್ರಿ."

ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ. ಆಬೇದಾಳಿಗೆ ಓದಲು ಬರುತ್ತದೆ, ಸಾಲಿಗೆ ಪೇಪರೂ ಬರುತ್ತದೆ. ತಹಮೀನಾ ಬಿಚ್ಚಿದ ಡಬ್ಬಿಯ ಸ್ಕ್ರೂಗಳನ್ನು ಒಂದು ತಟ್ಟೆಗೆ ಹಾಕುತ್ತಾರೆ.

"ಬರೀರಿ ಅಕ್ಕಾ. ಐತವಾರ ಪೇಪರ್ ಬರ್ತದಂದ್ರ, ಅದಕಿಂತ ಮೊದಲ ನಾ ಆಕಿಗಿ ಹೇಳಬೇಕಾಗ್ತದ. ನೀವು ಬರೀಲಿಲ್ಲಂದ್ರ ಇನ್ನೂ ಏಳು ವರ್ಷ ನಾ ಹೇಳಂಗಿಲ್ಲ. ನನ್ನ ನನಗ ಗೊತ್ತದ." ಕೊನೆಯ ಸ್ಕ್ರೂವನ್ನೂ ತಟ್ಟೆಗೆ ಹಾಕಿ, "ಹೇಳಿದ ಮ್ಯಾಲೂ ಆಕಿ ನನ್ನ ಕೈಲೇ ಜಡಿ ಹಾಕಿಸ್ಕೊಂಡ್ರ ಸಾಕು. ಮತ್ತೇನೂ ಬ್ಯಾಡ ನನಗ."

ಸಾಲಿಗೆ ಇನ್ನೂ ಹೊತ್ತಿದೆ. ಜಡೆ ಮುಗಿದಾಗಿನಿಂದ ಆಬೇದಾ ಕಂಪ್ಯೂಟರಿನ ಮುಂದೆ ಕೂತು ಸಿಡಿಗಳ ಮೇಲೆ ಹಾಡಿನ ಹೆಸರು ಬರೆಯುತ್ತಿದ್ದಾಳೆ, ದುಂಡನೆಯ ಸಾಲಿ ಅಕ್ಷರ. ಕಿವಿಗೆ ದೊಡ್ಡವರ ಹೆಡ್‌ಫೋನು. ಹದಿನೈದು ದಿನದಿಂದ ಇದೇ ಕೆಲಸ, ಭಾಲ್ಕಿ ಒಮ್ಮೆ, ಔರಾದ್ ಒಮ್ಮೆ ಕೇಳುತ್ತ ಬರೆಯುವುದು. ಅಷ್ಟೇ ದಿನದಿಂದ, ಅದಕ್ಕಿಂತ ಮೊದಲಿನಿಂದಲೂ, ಬೆಳಿಗ್ಗೆ ಬರುವ ಒಂದೊಂದು ಫೋನನ್ನೂ ಬಾಗಿಲಲ್ಲಿ ನಿಂತು ಕೇಳಿದ್ದಾಳೆ.

ತಹಮೀನಾ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಡುತ್ತಾರೆ. ಮಗು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, ಪೆನ್ನಿನ ಟೊಪ್ಪಿಗೆ ಮುಚ್ಚಿ, ತಿರುಗಿ ಕೂರುತ್ತದೆ.

"ಫುಪ್ಪು, ಭಾಲ್ಕಿದಾಗ ಅಬ್ಬಾನ ಹಿಂದ ಗುಂಯ್ ಅಂತದ. ಔರಾದದಾಗ ಅನ್ನಂಗಿಲ್ಲ. ಅವತ್ತು ಪಿನ್ನು ಯಾರು ಮುರದ್ರು?"