ಕಮಲಾಕರ ಹೆಗಡೆಯವರ ಕಂಪ್ಯೂಟರ್ ಹೇಳಿದ ತಿಥಿ

ಶಿರಸಿಗೆ ಮೊದಲು ಕಂಪ್ಯೂಟರ್ ತಂದವರು ಯಾರೆಂದು ಕೇಳಿದರೆ ಕಮಲಾಕರ ಹೆಗಡೆಯವರು ತಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ಅದಕ್ಕೂ ಮುಂಚೆ ನಮ್ಮ ಬ್ಯಾಂಕಿಗೆ ಬಂದಿತ್ತು ಎಂದು ನಾನು ಹೇಳುತ್ತೇನೆ. ಅವರು ಟೆಲಿಫೋನ್ ಇಲಾಖೆಯಿಂದ ನಿವೃತ್ತರು, ನಾನು ಬ್ಯಾಂಕಿನಿಂದ. ಜಗಳಾಡಲು ಇಬ್ಬರಿಗೂ ಬೇಕಾದಷ್ಟು ಪುರುಸೊತ್ತಿದೆ.

ತೊಂಬತ್ತೆರಡರಲ್ಲಿ ಹುಬ್ಬಳ್ಳಿಯಿಂದ ಹಳೆಯದೊಂದು ಕಂಪ್ಯೂಟರನ್ನು ಬಸ್ಸಿನಲ್ಲಿ ಹೊತ್ತು ತಂದ ಪುಣ್ಯಾತ್ಮ ಅವರು. ಪರದೆಯ ಮೇಲೆ ಹಸಿರು ಅಕ್ಷರ ಬಿಟ್ಟರೆ ಇನ್ನೇನೂ ಮೂಡುತ್ತಿರಲಿಲ್ಲ. ಧೂಳು ಬಿದ್ದರೆ ಕೆಟ್ಟೀತೆಂದು ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಅದರ ಮುಂದೆ ಕೂತು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪಂಚಾಂಗ ಬರೆದರು; ತಾರೀಖು, ಗಂಟೆ ಕೊಟ್ಟರೆ ತಿಥಿ, ನಕ್ಷತ್ರ ಹೇಳುವ ಪ್ರೋಗ್ರಾಮು. ನಾನು ತಪ್ಪು ಹುಡುಕುತ್ತಿದ್ದೆ, ಅವರು ಬೈಯುತ್ತಾ ತಿದ್ದುತ್ತಿದ್ದರು. ಅಷ್ಟು ಸುಖವಾಗಿ ನಾನು ಮತ್ತೆಂದೂ ಜಗಳಾಡಿಲ್ಲ.

ತೊಂಬತ್ತೈದರಲ್ಲಿ ಅವರ ತಾಯಿ, ಮಕ್ಕಳ ಬಾಯಲ್ಲಿ ಆಯಿ, ತೀರಿಕೊಂಡರು, ಮಂಗಳವಾರ ರಾತ್ರಿ ಒಂದೂವರೆಗೆ. ಶ್ರಾದ್ಧಕ್ಕೆ ತಿಥಿ ಬೇಕಲ್ಲ, ಹೆಗಡೆಯವರು ಮಂಗಳವಾರದ ತಾರೀಖು ಹಾಕಿದರು. ಕಂಪ್ಯೂಟರ್ ದ್ವಾದಶಿ ಎಂದಿತು. ಮಾಗೋಡಿಗೆ ಮದುವೆಯಾಗಿ ಹೋದ ತಂಗಿ ಪರಿಮಳಾ ತ್ರಯೋದಶಿ ಎಂದು ಪಟ್ಟು ಹಿಡಿದರು. ಮನೆಯ ಪುರೋಹಿತರಾದ ಭಟ್ಟರ ಪಂಚಾಂಗವೂ ಹಾಗೇ ಹೇಳುತ್ತಿತ್ತು. ಆದರೆ ಹೆಗಡೆಯವರು ಪ್ರಿಂಟಾದ ಕಾಗದ ಮುಂದಿಟ್ಟ ಮೇಲೆ ಭಟ್ಟರು ಸುಮ್ಮನಾದರು. ಪರಿಮಳಾ ಸುಮ್ಮನಾಗಲಿಲ್ಲ. "ಏಳನೇ ಇಯತ್ತೆ ಓದಿದವಳಿಗೆ ಇದೆಲ್ಲ ಎಂತ ಗೊತ್ತಾಗ್ತು?" ಎಂದು ಅಣ್ಣ ನಾಲ್ಕು ಜನರ ಮುಂದೆ ಅಂದುಬಿಟ್ಟರು. ಆಮೇಲೆ ಆಕೆ ತವರಿಗೆ ಬರಲೇ ಇಲ್ಲ.

ಎರಡು ಸಾವಿರದ ಆರರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ನಕ್ಷತ್ರ ನೋಡೋಣವೆಂದು ಹೆಗಡೆಯವರಲ್ಲಿಗೆ ಹೋದೆ. ಕಂಪ್ಯೂಟರ್ ಹೊಸದು, ಪ್ರೋಗ್ರಾಮು ಅದೇ. ಆಸ್ಪತ್ರೆಯ ಚೀಟಿ ನೋಡಿ ಒಂಬತ್ತನೇ ತಾರೀಖು, ಎರಡು ಗಂಟೆ ಎಂದು ಒತ್ತಿದೆ.

"ಮಂಜಪ್ಪ, ಬುಧವಾರ ರಾತ್ರಿ ಹುಟ್ಟಿದ್ದು ಅಂದ್ಯಲ್ಲ? ಎಂಟು ಹಾಕು" ಎಂದರು.

"ಹನ್ನೆರಡಕ್ಕೆ ತಾರೀಖು ಬದಲಾಗ್ತದಲ್ಲ, ಹೆಗಡೇರೆ."

"ಸೂರ್ಯ ಹುಟ್ಟದೇ ದಿನ ಹೆಂಗೆ ಬದಲಾಗ್ತದೆ ಮಾರಾಯ?"

"ಸೂರ್ಯ ಹುಟ್ಟೋದು ನಮಗೆ. ಕಂಪ್ಯೂಟರಿಗೆ ಹನ್ನೆರಡು ಹೊಡೆದ್ರೆ ಮರುದಿನ."

ಅವರು ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಾಯಿ ತೀರಿದ ರಾತ್ರಿಯನ್ನು ಎರಡೂ ತಾರೀಖಿನಲ್ಲಿ ಹಾಕಿ ನೋಡಿದರು. ಮಂಗಳವಾರದ ತಾರೀಖಿಗೆ ದ್ವಾದಶಿ, ಬುಧವಾರದ್ದಕ್ಕೆ ತ್ರಯೋದಶಿ. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ, ಅಂದು ಅವರು ಹಾಕಿದ ತಾರೀಖಿನಲ್ಲಿತ್ತು.

"ಹಂಗಾದ್ರೆ ಇಷ್ಟು ವರ್ಷ ಶ್ರಾದ್ಧದ ಊಟ ಯಾರು ಉಂಡ್ರು?" ಎಂದು ಕೇಳಿದರು. ನನಗೂ ತಲೆ ಕೆಟ್ಟುಹೋಯಿತು.

ಮರುವಾರ ಇಬ್ಬರೂ ಮಾಗೋಡಿಗೆ ಹೊರಟೆವು. ಯಲ್ಲಾಪುರದವರೆಗೂ ಅವರದು ಒಂದೇ ಗೊಣಗಾಟ. ಇನ್ನು ಮುಂದೆ ಎರಡೂ ದಿನ ಮಾಡಬೇಕೋ, ಹಿಂದಿನದಕ್ಕೆ ಪ್ರಾಯಶ್ಚಿತ್ತ ಉಂಟೋ, ತಂಗಿಗೆ ಮೊದಲು ಸೂರ್ಯನ ವಿಷಯ ಹೇಳಬೇಕೋ ಗಡಿಯಾರದ್ದೋ. ಯಾವುದಕ್ಕೂ ಹೌದು ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವರನ್ನು ಕಂಡು ಪಾಪ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಪರಿಮಳಾ ಬೆಲ್ಲ, ನೀರು ತಂದಿಟ್ಟು ಎದುರಿಗೆ ಕೂತರು. ಹೆಗಡೆಯವರು ಸೂರ್ಯೋದಯ, ಹನ್ನೆರಡು ಗಂಟೆ, ತಾರೀಖು ಎಲ್ಲವನ್ನೂ ಬಿಡಿಸಿ ಹೇಳಿದರು. ನಡುವೆ ತಾವೇ ಗೊಂದಲಗೊಂಡು ಮತ್ತೆ ಮೊದಲಿನಿಂದ ಹೇಳಿದರು.

"ಒಟ್ಟು ತ್ರಯೋದಶಿನೇ ಖರೆ. ಆಯಿ ಮರುದಿನ ಬಂದು ಉಪವಾಸ ಹೋತನ ಹೇಳಿ ಯಂಗೆ ತಲೆಬಿಸಿ" ಎಂದು ತಮ್ಮ ಚಿಂತೆ ತೋಡಿಕೊಂಡರು.

"ಆಯಿ ಯಾವ ದಿನ ಬಂತು ಅನ್ನದು ಬಿಡು ಅಣ್ಣಾ" ಎಂದರು ಪರಿಮಳಾ. "ಇಷ್ಟು ವರ್ಷ ಆನು ಬಂದಿದ್ನಿಲ್ಲೆ. ಅದಕ್ಕೆ ನಿಂಗೆ ಒಂದು ದಿನನೂ ತಲೆಬಿಸಿ ಆಜಿಲ್ಯಾ?"

ಹೆಗಡೆಯವರು ತಿರುಗಿ ನನ್ನ ಮುಖ ನೋಡಿದರು, ಉತ್ತರ ನನಗೆ ಗೊತ್ತಿರಬೇಕು ಎನ್ನುವ ಹಾಗೆ.